2.20 ಎಂದರೆ ಎಷ್ಟು ಹೊಲ? ಗಡಿಯ ಪೇಟೆಗೆ ಬೇಕಾದ ಲೋ-ಕೋಡ್

ಉದಗೀರ, ನಿಲಂಗಾ, ಉಮರ್ಗಾ ಇವತ್ತು ಮಹಾರಾಷ್ಟ್ರದ ತಾಲ್ಲೂಕುಗಳು. ಆದರೆ 1956ರ ನವೆಂಬರ್ 1ರವರೆಗೆ ಉದಗೀರ ಮತ್ತು ನಿಲಂಗಾ ಹೈದರಾಬಾದ್ ರಾಜ್ಯದ ಬೀದರ್ ಜಿಲ್ಲೆಯಲ್ಲಿದ್ದವು. ರಾಜ್ಯ ಬೇರೆಯಾದರೂ ನಂಟಸ್ತಿಕೆ, ಹೊಲಮನೆ, ಸಂತೆ ಬೇರೆಯಾಗಲಿಲ್ಲ. ಉದಗೀರದ ಒಬ್ಬ ಅಡತ್ ವ್ಯಾಪಾರಿಯ ಕಂಪ್ಯೂಟರಿಗೆ ಗಡಿಯ ಎರಡೂ ಬದಿ ಹೊಲವಿರುವ ರೈತನ ವಿವರ ಸೇರಬೇಕು ಎಂದುಕೊಳ್ಳಿ. ಕರ್ನಾಟಕದ ಪಹಣಿಯಲ್ಲಿ 2.20 ಎಂದಿದ್ದರೆ ಅದು ಎರಡು ಎಕರೆ ಇಪ್ಪತ್ತು ಗುಂಟೆ. ಎಕರೆಗೆ 40 ಗುಂಟೆಯಾದ್ದರಿಂದ ಎರಡೂವರೆ ಎಕರೆ. ಮಹಾರಾಷ್ಟ್ರದ ಸಾತಬಾರಾ ಎಂಬ ಭೂದಾಖಲೆಯಲ್ಲಿ ಅದೇ 2.20 ಇದ್ದರೆ ಎರಡು ಹೆಕ್ಟೇರ್ ಇಪ್ಪತ್ತು ಆರ್, ಅಂದರೆ ಸುಮಾರು 5.44 ಎಕರೆ. ಸಿದ್ಧವಾಗಿ ಸಿಗುವ ತಂತ್ರಾಂಶದ ಅಂಕಿಯ ಖಾನೆಗೆ ಈ ಭೇದ ತಿಳಿಯದು, ಎರಡನ್ನೂ ದಶಮಾಂಶವೆಂದೇ ಓದುತ್ತದೆ. ಪಹಣಿಯ 2.20 ಅಲ್ಲಿ 2.2 ಎಕರೆಯಾಗುತ್ತದೆ, ಯಾರ ಗಮನಕ್ಕೂ ಬಾರದೆ 12 ಗುಂಟೆ ಹೊಲ ಕಾಣೆಯಾಗುತ್ತದೆ. ಇಂಥ ಊರುಗಳಿಗೆ ಲೋ-ಕೋಡ್ ಸಾಧನ ಆರಿಸುವಾಗ ಜನಪ್ರಿಯತೆಯ ಪಟ್ಟಿಯಲ್ಲಿ ಮೇಲಿರುವುದನ್ನೇ ತೆಗೆದುಕೊಳ್ಳುವುದು ಸರಿಯಲ್ಲ ಎಂಬ ನನ್ನ ವಾದಕ್ಕೆ ಈ 12 ಗುಂಟೆಯೇ ಮೊದಲ ಆಧಾರ.

ಕೋಡ್ ಬರೆಯದೆ, ಇಲ್ಲವೇ ತೀರಾ ಕಡಿಮೆ ಬರೆದು, ಖಾನೆಗಳನ್ನು ಜೋಡಿಸಿ, ಸೂತ್ರ ಹಾಕಿ, ತನ್ನ ಕೆಲಸಕ್ಕೆ ಬೇಕಾದ ತಂತ್ರಾಂಶವನ್ನು ತಾನೇ ಕಟ್ಟಿಕೊಳ್ಳುವುದು ಲೋ-ಕೋಡ್. ಈ ಹೆಸರು ಚಾಲ್ತಿಗೆ ಬಂದದ್ದು 2014ರಲ್ಲಿ, ಫಾರೆಸ್ಟರ್ ಎಂಬ ಸಂಶೋಧನಾ ಸಂಸ್ಥೆಯ ವರದಿಯಿಂದ. ಆಸೆ ಮಾತ್ರ ಅದಕ್ಕಿಂತ ಹಳೆಯದು. 1979ರ ವಿಸಿಕ್ಯಾಲ್ಕ್ ಲೆಕ್ಕದ ಹಾಳೆಯನ್ನು ಪರದೆಗೆ ತಂದಿತು, 1992ರಲ್ಲಿ ಮೈಕ್ರೋಸಾಫ್ಟ್ ಆಕ್ಸೆಸ್ ಬಂತು, 2006ರಲ್ಲಿ ಚೆನ್ನೈನ ಜೋಹೋ ತನ್ನ ಕ್ರಿಯೇಟರ್ ತಂದಿತು. ಇವತ್ತು ಪವರ್ ಆಪ್ಸ್, ಔಟ್‌ಸಿಸ್ಟಮ್ಸ್, ಮೆಂಡಿಕ್ಸ್, ಆಪ್‌ಶೀಟ್ ಮುಂತಾದವು ಮಾರುಕಟ್ಟೆಯಲ್ಲಿ ಪೈಪೋಟಿ ನಡೆಸುತ್ತಿವೆ. ಇವುಗಳ ಹಿಂದಿರುವ ಹಣವೂ ಸಣ್ಣದಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಿ ಬೆಳೆದ ಮೆಂಡಿಕ್ಸನ್ನು 2018ರಲ್ಲಿ ಸೀಮೆನ್ಸ್ ಕೊಂಡದ್ದು ಸುಮಾರು 60 ಕೋಟಿ ಯೂರೋಗೆ.

ಹಾಗಾದರೆ ಯಾವುದು ಮುಂದಿದೆ ಎಂದು ಅಳೆಯುವವರು ಏನನ್ನು ಅಳೆಯುತ್ತಾರೆ? ದತ್ತಾಂಶ ತಂತ್ರಾಂಶಗಳಿಗೆ ಪ್ರತಿ ತಿಂಗಳೂ ಸ್ಥಾನ ಕೊಡುವ ಡಿಬಿ-ಎಂಜಿನ್ಸ್ ಪಟ್ಟಿಯನ್ನೇ ನೋಡಿ. ಆಕ್ಸೆಸ್, ಫೈಲ್‌ಮೇಕರ್ ಎರಡೂ ಅದರಲ್ಲಿವೆ. ಒಂದು ಹೆಸರು ಶೋಧಯಂತ್ರಗಳಲ್ಲಿ ಎಷ್ಟು ಸಲ ಸಿಗುತ್ತದೆ, ಜನ ಅದನ್ನು ಎಷ್ಟು ಹುಡುಕುತ್ತಾರೆ, ತಂತ್ರಜ್ಞರ ಪ್ರಶ್ನೋತ್ತರ ತಾಣಗಳಲ್ಲಿ ಎಷ್ಟು ಚರ್ಚೆಯಾಗುತ್ತದೆ, ನೌಕರಿ ಜಾಹೀರಾತಿನಲ್ಲೂ ಲಿಂಕ್ಡ್‌ಇನ್ ಪುಟಗಳಲ್ಲೂ ಎಷ್ಟು ಕಾಣಿಸುತ್ತದೆ ಎಂಬುದನ್ನೆಲ್ಲ ಕೂಡಿಸಿ ಅದು ಅಂಕ ಕೊಡುತ್ತದೆ. ಎಷ್ಟು ಕಡೆ ಆ ತಂತ್ರಾಂಶ ನಿಜವಾಗಿ ಬಳಕೆಯಲ್ಲಿದೆ ಎಂಬುದನ್ನು ತಾನು ಅಳೆಯುವುದಿಲ್ಲ ಎಂದು ಆ ಪಟ್ಟಿಯವರೇ ಸ್ಪಷ್ಟವಾಗಿ ಹೇಳುತ್ತಾರೆ. ಗಾರ್ಟ್ನರ್ ಸಂಸ್ಥೆಯ ಪ್ರಸಿದ್ಧ ನಾಲ್ಕು ಮನೆಗಳ ನಕ್ಷೆ ಬರೆಯುವುದು ದೊಡ್ಡ ಕಂಪನಿಗಳ ಖರೀದಿದಾರರಿಗಾಗಿ. ಎರಡೂ ಪ್ರಾಮಾಣಿಕ ಅಳತೆಗಳೇ, ತಮ್ಮ ತಮ್ಮ ಕೆಲಸಕ್ಕೆ ಉಪಯುಕ್ತ. ಆದರೆ ನಿಲಂಗಾದ ದಾಲ್ ಮಿಲ್ಲಿನ ಗುಮಾಸ್ತ ಪ್ರಶ್ನೋತ್ತರ ತಾಣದಲ್ಲಿ ಇಂಗ್ಲಿಷಿನಲ್ಲಿ ಪ್ರಶ್ನೆ ಹಾಕುವುದಿಲ್ಲ, ಮಾಲೀಕ ನೌಕರಿಗೆ ಜಾಹೀರಾತು ಕೊಡುವುದಿಲ್ಲ. ಅವರ ಬಳಕೆ ಎಷ್ಟೇ ದೊಡ್ಡದಿರಲಿ, ಪಟ್ಟಿಯಲ್ಲಿ ಅದರ ಸುಳಿವೇ ಇರುವುದಿಲ್ಲ.

ಹೆಸರಿನ ಖಾನೆಗೆ ಬಂದರೆ ವಿಷಯ ಇನ್ನೂ ಸ್ವಾರಸ್ಯಕರ. ಮಲ್ಲಿಕಾರ್ಜುನ ಎಂಬ ಒಬ್ಬನೇ ರೈತ ಒಂದು ಸಲ ಕನ್ನಡದಲ್ಲಿ, ಇನ್ನೊಂದು ಸಲ ಮರಾಠಿಯಲ್ಲಿ ದಾಖಲಾದರೆ ಕಂಪ್ಯೂಟರಿಗೆ ಅವರು ಇಬ್ಬರು. ಯುನಿಕೋಡ್‌ನಲ್ಲಿ ಕನ್ನಡದ ‘ಕ’ಗೆ 3221ನೇ ಸಂಖ್ಯೆ, ದೇವನಾಗರಿಯ ‘ಕ’ಗೆ 2325, ವ್ಯತ್ಯಾಸ 896. ‘ಮ’, ‘ರ’, ‘ಳ’ ಯಾವುದನ್ನೇ ತೆಗೆದುಕೊಳ್ಳಿ, ವ್ಯತ್ಯಾಸ ಅದೇ 896. ಹಲವು ಭಾರತೀಯ ಲಿಪಿಗಳನ್ನು ಒಂದೇ ಕ್ರಮದಲ್ಲಿ ಜೋಡಿಸಿದ್ದ ಇಸ್ಕಿ ಎಂಬ ನಮ್ಮ ಮಾನಕವನ್ನು ಯುನಿಕೋಡ್ ಅನುಸರಿಸಿದ್ದರಿಂದ ದೊರೆತ ವರ ಇದು. ಹಾಗಾಗಿ ಕನ್ನಡದ ಹೆಸರಿನ ಪ್ರತಿ ಅಕ್ಷರಸಂಖ್ಯೆಯಿಂದ 896 ಕಳೆದರೆ ಬಹುಮಟ್ಟಿಗೆ ಮರಾಠಿಯ ಹೆಸರು ಸಿಗುತ್ತದೆ. ತೊಡಕು ಬರುವುದು ಹ್ರಸ್ವ ಎಕಾರ, ಒಕಾರಗಳಲ್ಲಿ. ನಾವು ‘ಕೆ’ ಮತ್ತು ‘ಕೇ’ ಬೇರೆ ಎನ್ನುತ್ತೇವೆ, ಮರಾಠಿ ಬರಹದಲ್ಲಿ ಆ ಭೇದವಿಲ್ಲ. ಕೆಂಚಪ್ಪನ ಹೆಸರಿನಿಂದ 896 ಕಳೆದರೆ ಮರಾಠಿಯವರು ಬಳಸದ ಚಿಹ್ನೆಯೊಂದು ಬಂದು ಕೂರುತ್ತದೆ, ಅದಕ್ಕೆ ಇನ್ನೊಂದು ನಿಯಮ ಸೇರಿಸಬೇಕು. ಎರಡೂ ಭಾಷೆಯಲ್ಲಿ ಓದುಬರಹ ಬಲ್ಲ ಗುಮಾಸ್ತನಿಗೆ ಈ ನಿಯಮ ಹೊಳೆಯುತ್ತದೆ. ದೂರದ ತಂತ್ರಜ್ಞನಿಗೆ ಇಂಥ ತೊಡಕು ಇದೆಯೆಂಬುದೇ ಗೊತ್ತಾಗುವುದು ಕಷ್ಟ. ಲೋ-ಕೋಡ್‌ನ ನಿಜವಾದ ಭರವಸೆ ಇರುವುದು ಇಲ್ಲೇ: ಕೆಲಸ ಬಲ್ಲವನೇ ಸಾಧನವನ್ನು ತಿದ್ದಬಹುದು. ಆ ತಿದ್ದುವಿಕೆಗೆ ಅವಕಾಶವಿಲ್ಲದ ಸಾಧನ ಪಟ್ಟಿಯಲ್ಲಿ ಮೊದಲನೆಯದಾದರೂ ಉದಗೀರದ ಪೇಟೆಗೆ ಅದರಿಂದ ಆಗುವ ಉಪಯೋಗ ಅಷ್ಟಕ್ಕಷ್ಟೇ.

ಹೆಚ್ಚು ಜನಪ್ರಿಯವಾದದ್ದು, ದೊಡ್ಡ ಕಂಪನಿಯದು, ಬೇಗ ನಿಂತುಹೋಗುವುದಿಲ್ಲ ಎಂಬ ಆಕ್ಷೇಪವಿದೆ. ಕೇಳಲು ಸರಿಯೆನಿಸುತ್ತದೆ, ಆದರೆ ಇತಿಹಾಸ ಪೂರ್ತಿ ಒಪ್ಪುವುದಿಲ್ಲ. ಒಂದು ಕಾಲಕ್ಕೆ ನಮ್ಮ ಅಂಗಡಿ, ಕಚೇರಿಗಳ ಲೆಕ್ಕಪತ್ರಗಳಲ್ಲಿ ತುಂಬಿಹೋಗಿದ್ದ ಫಾಕ್ಸ್‌ಪ್ರೋ ಮೈಕ್ರೋಸಾಫ್ಟ್‌ನಂಥ ದೈತ್ಯನ ಕೈಯಲ್ಲೇ ಇತ್ತು. ಹೊಸ ಆವೃತ್ತಿ ಬರುವುದಿಲ್ಲವೆಂದು 2007ರಲ್ಲಿ ಘೋಷಣೆಯಾಯಿತು, 2015ರಲ್ಲಿ ಬೆಂಬಲವೂ ಮುಗಿಯಿತು. ಗೂಗಲ್ 2020ರ ಜನವರಿಯಲ್ಲಿ ಆಪ್‌ಶೀಟನ್ನು ಕೊಂಡಿತು; ತನ್ನದೇ ಆಪ್ ಮೇಕರನ್ನು 2021ರ ಜನವರಿಯಲ್ಲಿ ಮುಚ್ಚಿತು. ಕಂಪನಿಯ ಗಾತ್ರ ಕಂಪನಿಯನ್ನು ಉಳಿಸಬಹುದು, ಅದರ ಪ್ರತಿಯೊಂದು ಸಾಧನವನ್ನೂ ಉಳಿಸುತ್ತದೆಂದಿಲ್ಲ. ಹಾಗಾಗಿ ಕೇಳಬೇಕಾದ ಪ್ರಶ್ನೆ, ಸಾಧನ ನಿಂತ ದಿನ ನಮ್ಮ ದಾಖಲೆ ಯಾವ ರೂಪದಲ್ಲಿ ಕೈಗೆ ಬರುತ್ತದೆ ಎಂಬುದು. ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಯುನಿಕೋಡ್‌ಪೂರ್ವದ ಅಕ್ಷರಶೈಲಿಗಳಲ್ಲಿ ತುಂಬಿಸಿದ ಕಡತಗಳು ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲಾಗಿ ತೆರೆದುಕೊಂಡದ್ದನ್ನು ಎಷ್ಟೋ ಕಚೇರಿ, ಮುದ್ರಣಾಲಯಗಳು ಕಂಡಿವೆ.

ಜನಪ್ರಿಯತೆಗೆ ಬೆಲೆಯೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಕೆಟ್ಟರೆ ರಿಪೇರಿಗೆ ಜನ ಸಿಗಬೇಕಲ್ಲ. ಆದರೆ ಆ ಜನ ಲಾತೂರಿನಲ್ಲೋ ಬೀದರಿನಲ್ಲೋ ಇರಬೇಕು. ಬೆಂಗಳೂರಿನ ಟ್ಯಾಲಿ ಇದಕ್ಕೆ ಒಳ್ಳೆಯ ಸಾಕ್ಷಿ. 1986ರಲ್ಲಿ ಶುರುವಾದ ಆ ಸಂಸ್ಥೆಯ ತಂತ್ರಾಂಶ ಊರೂರಿಗೆ ಹಬ್ಬಿದ್ದು ಜಾಗತಿಕ ಪಟ್ಟಿಗಳ ಬಲದಿಂದಲ್ಲ. ಅದನ್ನು ಕಲಿಸುವ ತರಗತಿ, ಬಳಸುವ ಲೆಕ್ಕಪರಿಶೋಧಕರು, ಮಾರಿ ದುರಸ್ತಿ ಮಾಡುವ ಏಜೆಂಟರು ಸಣ್ಣ ಊರುಗಳಲ್ಲೇ ಸಿಕ್ಕರು. ಟಿಡಿಎಲ್ ಎಂಬ ಅದರದೇ ಭಾಷೆಯಿಂದ ಬಿಲ್ಲಿನ ನಮೂನೆ ತಿದ್ದಿಕೊಡುವವರೂ ಬೆಳೆದರು. ಮಾರುಕಟ್ಟೆಯ ಸ್ಥಾನ ಎಂದರೆ ನನ್ನ ಲೆಕ್ಕದಲ್ಲಿ ಇದು: ಸಂಜೆಯೊಳಗೆ ಬಂದು ಸರಿಮಾಡಿ ಕೊಡಬಲ್ಲ ಎಷ್ಟು ಜನ ಆ ಊರಿನ ಸುತ್ತ ಇದ್ದಾರೆ ಎಂಬುದು.

ಇನ್ನು ಕೃತಕ ಬುದ್ಧಿಮತ್ತೆಯೇ ಕೋಡ್ ಬರೆಯುವಾಗ ಲೋ-ಕೋಡ್ ಯಾಕೆ ಎನ್ನುವವರಿದ್ದಾರೆ. ಅದು ಬರೆದುಕೊಡುತ್ತದೆ, ನಿಜ. ಆದರೆ ಹೊಲದ ವಿಸ್ತೀರ್ಣಕ್ಕೆ ಒಂದು ಖಾನೆ ಮಾಡು ಎಂದರೆ ಅದೂ ಒಂದೇ ದಶಮಾಂಶದ ಖಾನೆ ಮಾಡಿಕೊಡುವ ಸಂಭವವೇ ಹೆಚ್ಚು. ಬೇಕಾದದ್ದು ಮೂರು ಖಾನೆ: ದಾಖಲೆ ಪಹಣಿಯೋ ಸಾತಬಾರಾವೋ ಎಂಬುದಕ್ಕೆ ಒಂದು, ಎಕರೆ ಅಥವಾ ಹೆಕ್ಟೇರ್‌ಗೆ ಒಂದು, ಗುಂಟೆ ಅಥವಾ ಆರ್‌ಗೆ ಇನ್ನೊಂದು. ಪಹಣಿಯಾದರೆ ಗುಂಟೆಯನ್ನು 40ರಿಂದ, ಸಾತಬಾರಾ ಆದರೆ ಆರ್ ಅನ್ನು 100ರಿಂದ ಭಾಗಿಸುವ ಒಂದು ಸೂತ್ರ. ಈ ಮೂರು ಖಾನೆಗಳನ್ನು ಗುಮಾಸ್ತ ತಾನೇ ಸೇರಿಸಿ, ರೈತನ ಹೆಸರನ್ನು ಎರಡೂ ಲಿಪಿಯಲ್ಲಿ ಇಟ್ಟು, ಇಡೀ ಪಟ್ಟಿಯನ್ನು ಯುನಿಕೋಡ್ ಪಠ್ಯವಾಗಿ ಹೊರತೆಗೆಯಲು ಯಾವ ಸಾಧನ ಬಿಡುತ್ತದೆಯೋ ಅದನ್ನು ಕೊಳ್ಳುವ ಮುಂಚೆ, ಉಚಿತ ಪರೀಕ್ಷೆಯ ಅವಧಿಯಲ್ಲೇ, ಪಹಣಿಯ 2.20 ಹಾಕಿ ನೋಡಬಹುದು. ಉತ್ತರ 2.5 ಎಕರೆ ಬರಬೇಕು.