ಜೇವರ್ಗಿಯ ಛೇದ

ಕಲಬುರಗಿ ಜಿಲ್ಲೆಯ ಜೇವರ್ಗಿ ತಾಲ್ಲೂಕಿಗೆ ಹತ್ತು ವರ್ಷದ ಹಿಂದೆ ಎಷ್ಟು ಹಣ ಹೋಗಿತ್ತು, ಈಗ ಎಷ್ಟು ಹೋಗುತ್ತಿದೆ? ಖಜಾನೆಯ ಕಂಪ್ಯೂಟರಿಗೆ ಇದು ಚಿಟಿಕೆ ಹೊಡೆಯುವಷ್ಟರ ಕೆಲಸ. ಬಂದ ಉತ್ತರವನ್ನು ನಂಬುವ ಮುಂಚೆ ಮಾತ್ರ ಒಂದು ಮಾತು ಕೇಳಬೇಕು: ಯಾವ ಜೇವರ್ಗಿ? 2018ರಲ್ಲಿ ಯಡ್ರಾಮಿ ಅದರಿಂದ ಬೇರೆಯಾಗಿ ತನ್ನದೇ ತಾಲ್ಲೂಕಾಯಿತು. ಹಳೆಯ ಕಡತದ ಜೇವರ್ಗಿಯೊಳಗೆ ಯಡ್ರಾಮಿಯೂ ಇದೆ, ಹೊಸ ಕಡತದಲ್ಲಿ ಇಲ್ಲ. ಎರಡನ್ನೂ ಒಂದೇ ಗೆರೆಗೆ ಪೋಣಿಸಿ ರೇಖಾಚಿತ್ರ ಬರೆದರೆ, ಆ ವರ್ಷ ಅನುದಾನಕ್ಕೆ ಕತ್ತರಿ ಬಿದ್ದಂತೆ ಕಾಣುತ್ತದೆ. ಸರಿದದ್ದು ಗಡಿ, ಅಷ್ಟೇ.

ಆರ್ಥಿಕ ಇಲಾಖೆಯಲ್ಲಿ ಹಿರಿಯ ದತ್ತಾಂಶ ವಿಜ್ಞಾನಿಗೆ ಏನು ಕೆಲಸ ಎಂದರೆ ಹೆಚ್ಚಿನವರ ಕಣ್ಣಿಗೆ ಬರುವುದು ಕೃತಕ ಬುದ್ಧಿಮತ್ತೆ, ಬಣ್ಣಬಣ್ಣದ ಡ್ಯಾಶ್‌ಬೋರ್ಡು. ನನ್ನ ಲೆಕ್ಕದಲ್ಲಿ ಆ ಹುದ್ದೆಯ ತಿರುಳು ಇರುವುದು ಶಾಲೆಯಲ್ಲಿ ಕಲಿತ ಭಿನ್ನರಾಶಿಯಲ್ಲಿ. ಮೇಲಿನ ಅಂಶವನ್ನು ಎಲ್ಲರೂ ನೋಡುತ್ತಾರೆ. ಕೆಳಗಿನ ಛೇದ ಎಲ್ಲಿಂದ ಬಂತೆಂದು ಕೇಳಲು ಒಬ್ಬರು ಬೇಕು.

ದತ್ತಾಂಶ ವಿಜ್ಞಾನ ಎಂಬ ಹೆಸರು ಬರುವ ಮುಂಚೆಯೇ ಕರ್ನಾಟಕದಲ್ಲಿ ಈ ಕೆಲಸ ನಡೆದಿತ್ತು. ಅರ್ಥಶಾಸ್ತ್ರಜ್ಞ ಡಾ. ಡಿ.ಎಂ. ನಂಜುಂಡಪ್ಪ ಅವರ ನೇತೃತ್ವದ ಪ್ರಾದೇಶಿಕ ಅಸಮತೋಲನ ನಿವಾರಣಾ ಉನ್ನತಾಧಿಕಾರ ಸಮಿತಿ 2002ರಲ್ಲಿ ವರದಿ ಕೊಟ್ಟಿತು. ಅಂದಿನ 175 ತಾಲ್ಲೂಕುಗಳನ್ನು 35 ಸೂಚಕಗಳಿಂದ ಅಳೆದು, ಪ್ರತಿಯೊಂದಕ್ಕೂ ಒಂದು ಅಂಕಿ ಕೊಟ್ಟಿತು. ಸಾಕ್ಷರತೆ, ನೀರಾವರಿ, ಬ್ಯಾಂಕ್ ಶಾಖೆ, ರಸ್ತೆಯ ಉದ್ದ, ಆಸ್ಪತ್ರೆಯ ಹಾಸಿಗೆ, ಟ್ರ್ಯಾಕ್ಟರ್ ಎಲ್ಲವೂ ಆ ಒಂದು ಅಂಕಿಯೊಳಗೆ ಕರಗಿದವು. ರಾಜ್ಯದ ಸರಾಸರಿಯನ್ನು 1 ಎಂದಿಟ್ಟುಕೊಂಡರು. ಅದಕ್ಕಿಂತ ಕೆಳಗೆ ನಿಂತವು 114 ತಾಲ್ಲೂಕುಗಳು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು, 35 ಹಿಂದುಳಿದವು. ಆ 39ರಲ್ಲಿ 21 ತಾಲ್ಲೂಕು ಕಲಬುರಗಿ ವಿಭಾಗದ್ದೇ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಆ ಪಟ್ಟಿಯಲ್ಲಿದ್ದವು.

ಲೆಕ್ಕದ ಬಗೆ ಸರಳ. ನೂರು ಚದರ ಕಿಲೋಮೀಟರಿಗೆ ರಾಜ್ಯದಲ್ಲಿ ಸರಾಸರಿ 80 ಕಿಲೋಮೀಟರ್ ರಸ್ತೆ ಇದೆ, ಒಂದು ತಾಲ್ಲೂಕಿನಲ್ಲಿ 60 ಇದೆ ಎಂದುಕೊಳ್ಳಿ. 60ನ್ನು 80ರಿಂದ ಭಾಗಿಸಿದರೆ 0.75. ಶಾಲೆ ಬಿಟ್ಟ ಮಕ್ಕಳಂಥ ಸೂಚಕದಲ್ಲಿ ಹೆಚ್ಚಿದ್ದಷ್ಟೂ ಕೇಡು, ಹಾಗಾಗಿ ಅದನ್ನು ತಿರುವಿ ಭಾಗಿಸಬೇಕು. ಹೀಗೆ ಸಿಕ್ಕ ಅಂಕಿಗಳಿಗೆ ತೂಕ ಕೊಟ್ಟು ಕೂಡಿಸಬೇಕು. ತಂಟೆ ಶುರುವಾಗುವುದು ತೂಕದಲ್ಲಿ. ಟ್ರ್ಯಾಕ್ಟರಿಗೂ ವೈದ್ಯರಿಗೂ ಒಂದೇ ತೂಕವೇ? ಜೊತೆಜೊತೆಗೇ ಏರಿಳಿಯುವ ಸೂಚಕಗಳನ್ನು ಗುರುತಿಸಿ ತೂಕ ಹೊಂದಿಸುವ ಗಣಿತ ವಿಧಾನಗಳಿವೆ. ಆದರೆ ಜನರಿಗೆ ಯಾವುದು ಹೆಚ್ಚು ಬೇಕು ಎಂಬುದು ಗಣಿತದ ಬಾಯಲ್ಲಿ ಬರುವ ಮಾತಲ್ಲ.

ಇದು ಬರೀ ಪಾಂಡಿತ್ಯದ ಚರ್ಚೆಯೂ ಅಲ್ಲ. 1ರಿಂದ ಎಷ್ಟು ಕೆಳಗಿದೆ ಎಂಬ ಕೊರತೆಗಳನ್ನು ಕೂಡಿಸಿಯೇ ಸಮಿತಿ ಹಣ ಹಂಚುವ ಪ್ರಮಾಣ ಹೇಳಿತು: ವಿಶೇಷ ಅಭಿವೃದ್ಧಿ ಯೋಜನೆಯಲ್ಲಿ ಕಲಬುರಗಿ ವಿಭಾಗಕ್ಕೆ ಶೇ 40, ಬೆಂಗಳೂರಿಗೆ 25, ಬೆಳಗಾವಿಗೆ 20, ಮೈಸೂರಿಗೆ 15. ಎಂಟು ವರ್ಷಕ್ಕೆ ಶಿಫಾರಸಾದ ಮೊತ್ತ 31,000 ಕೋಟಿ ರೂಪಾಯಿ. ಕಲಬುರಗಿ ವಿಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371ಜೆ ವಿಧಿಯ ಬಳಿಕ ಹುಟ್ಟಿದ ಪ್ರದೇಶಾಭಿವೃದ್ಧಿ ಮಂಡಳಿಯೂ ತಾಲ್ಲೂಕುಗಳಿಗೆ ಹಣ ಹಂಚಲು ಇದೇ ಸೂಚ್ಯಂಕವನ್ನು ಆಧರಿಸಿತು. ದಶಾಂಶದ ಎರಡನೇ ಮನೆಯಲ್ಲಿ ಆದ ತಪ್ಪಿಗೂ ರೂಪಾಯಿಯಲ್ಲಿ ಬೆಲೆ ಇತ್ತು ಎಂದಾಯಿತು.

ಈ ಅಳತೆಯಲ್ಲಿ ಒಂದು ತಮಾಷೆಯಿದೆ. 1 ಎಂಬ ಗೆರೆ ನಿಂತಲ್ಲಿ ನಿಲ್ಲುವುದಿಲ್ಲ. ರಾಜ್ಯದ ಸರಾಸರಿಯನ್ನು ಬೆಂಗಳೂರು ಮೇಲಕ್ಕೆ ಎಳೆಯುತ್ತಲೇ ಇರುತ್ತದೆ. ಅಫಜಲಪುರದಲ್ಲಿ ರಸ್ತೆ ಬಂದು, ಬ್ಯಾಂಕು ಬಂದು, ಮಕ್ಕಳು ಶಾಲೆಗೆ ಹೋದರೂ ಬೆಂಗಳೂರು ಅದಕ್ಕಿಂತ ಜೋರಾಗಿ ಓಡಿದರೆ ಅಫಜಲಪುರದ ಅಂಕಿ ಇಳಿಯುತ್ತದೆ. ಅಂಕಿ ಇಳಿಯಿತು ಎಂದಮಾತ್ರಕ್ಕೆ ಹಣ ಹಾಳಾಯಿತು ಎನ್ನುವಂತಿಲ್ಲ. ಮುಂದೆ ಹೋದದ್ದೆಷ್ಟು, ಅಂತರ ಬೆಳೆದದ್ದೆಷ್ಟು ಎಂಬ ಎರಡು ಲೆಕ್ಕಗಳನ್ನು ಬೇರೆ ಬೇರೆ ಕಾಲಂನಲ್ಲಿಡಲು ಹಟ ಹಿಡಿಯುವವರು ಇಲಾಖೆಯೊಳಗೇ ಬೇಕು. ಸದನದಲ್ಲಿ ಎರಡನ್ನೂ ಕಲಸಿ ಮಾತಾಡುವವರಿಗೇನೂ ಬರವಿಲ್ಲ.

ಇನ್ನು ತಲೆ ಎಣಿಕೆ. ಲಕ್ಷ ಜನಕ್ಕೆ ಎಷ್ಟು ವೈದ್ಯರು ಎಂದರೆ ಆ ಲಕ್ಷ ಇಂದಿಗೂ 2011ರ ಜನಗಣತಿಯದ್ದು. 2021ರ ಗಣತಿ ನಡೆಯಲಿಲ್ಲ, ಮುಂದಿನದು 2027ಕ್ಕೆ. ಈ ನಡುವೆ ಈ ತಾಲ್ಲೂಕುಗಳಿಂದ ಗುಳೆ ಹೋದವರು ಪುಣೆ, ಮುಂಬೈ, ಬೆಂಗಳೂರಿನ ಕಟ್ಟಡಗಳ ಕೆಳಗೆ ತಗಡಿನ ಶೆಡ್ಡಿನಲ್ಲಿದ್ದಾರೆ. ಪಡಿತರ ಚೀಟಿ ಊರಲ್ಲಿ, ಮೈ ಪರವೂರಲ್ಲಿ. ಅವರನ್ನು ಯಾವ ಛೇದಕ್ಕೆ ಸೇರಿಸುವುದು?

ತೊಗರಿಯ ಲೆಕ್ಕ ಇನ್ನೂ ಸೂಕ್ಷ್ಮ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಸಿಕ್ಕಿತು. 2022ರಲ್ಲಿ ನೆಟೆ ರೋಗ ಹೊಲಹೊಲವನ್ನೇ ಒಣಗಿಸಿತು. ಇಂಥ ಬೆಳೆಯ ವಿಮೆ ಕೂಡ ಬಜೆಟ್ಟಿನ ಸಾಲೇ. ಮುಂಗಾರು ಆಹಾರ ಬೆಳೆಗೆ ರೈತ ಕಟ್ಟುವುದು ವಿಮಾ ಮೊತ್ತದ ಶೇ 2 ಮಾತ್ರ. ಕಂತಿನ ಉಳಿದ ಭಾಗವನ್ನು ಕೇಂದ್ರ, ರಾಜ್ಯಗಳು ಹೊರುತ್ತವೆ. ಪರಿಹಾರ ಸಿಗಬೇಕಾದರೆ ಆ ವರ್ಷದ ಇಳುವರಿ ಒಂದು ಮಿತಿಗಿಂತ ಕೆಳಗಿಳಿಯಬೇಕು. ಹಿಂದಿನ ಏಳು ವರ್ಷಗಳಲ್ಲಿ ಒಳ್ಳೆಯ ಐದನ್ನು ಆರಿಸಿ, ಸರಾಸರಿ ತೆಗೆದು, ಅದರ ಒಂದು ನಿಗದಿತ ಪಾಲನ್ನು ಮಿತಿ ಎಂದು ಹಿಡಿಯುತ್ತಾರೆ.

ಕೇಳಲಿಕ್ಕೆ ನ್ಯಾಯವಾಗಿಯೇ ಇದೆ: ಕೆಟ್ಟ ಎರಡು ವರ್ಷ ಬಿಟ್ಟುಹೋಗುತ್ತವೆ. ಮಳೆ ನೆಚ್ಚಿದ ಎರೆ ಹೊಲಕ್ಕೆ ಅದನ್ನು ಹಚ್ಚಿ ನೋಡಿ. ಏಳರಲ್ಲಿ ಮೂರು ವರ್ಷ ಬೆಳೆ ಕೈಕೊಟ್ಟರೆ ಮೂರನೆಯದು ಸರಾಸರಿಯೊಳಗೆ ನುಸುಳುತ್ತದೆ, ನಾಲ್ಕು ಕೈಕೊಟ್ಟರೆ ಎರಡು ನುಸುಳುತ್ತವೆ. ಮಿತಿ ಇಳಿಯುತ್ತದೆ, ಪರಿಹಾರ ದೂರವಾಗುತ್ತದೆ. ಬರ ಹೆಚ್ಚು ಕಂಡ ನೆಲಕ್ಕೇ ರಕ್ಷಣೆ ಕಡಿಮೆ. ಸೂತ್ರ ಬರೆದವರಲ್ಲಿ ಯಾರೂ ಕೆಟ್ಟದ್ದು ಬಯಸಿರಲಾರರು. ಆಳಂದದ ಏಳು ವರ್ಷದ ಇಳುವರಿಯನ್ನು ಅದರಲ್ಲಿಟ್ಟು ಓಡಿಸಿ ನೋಡುವ ಕೆಲಸ ಮಾತ್ರ ಸೂತ್ರದ ಪಕ್ಕದಲ್ಲೇ ಆಗಬೇಕು, ಹೊಲ ಒಣಗಿದ ಮೇಲಲ್ಲ.

 

ಮತ್ತೆ ತಾಲ್ಲೂಕಿನ ಅಳತೆಗೆ ಬರೋಣ. 2024ರಲ್ಲಿ ಪ್ರೊ. ಎಂ. ಗೋವಿಂದ ರಾವ್ ಅಧ್ಯಕ್ಷತೆಯಲ್ಲಿ ಪ್ರಾದೇಶಿಕ ಅಸಮತೋಲನವನ್ನು ಹೊಸದಾಗಿ ಅಳೆಯಲು ಸಮಿತಿ ರಚನೆಯಾಯಿತು. ಈ ನಡುವೆ ತಾಲ್ಲೂಕುಗಳು 230 ದಾಟಿವೆ. 2002ರ ಜೇವರ್ಗಿಯನ್ನು ಇಂದಿನ ಜೇವರ್ಗಿಯೊಂದಿಗೆ ತೂಗಬೇಕಾದರೆ ಯಡ್ರಾಮಿಯನ್ನು ಮತ್ತೆ ಕೂಡಿಸಬೇಕು. ದಾರಿ ಇದೆ. ಜನಗಣತಿಯಲ್ಲಿ ಪ್ರತಿ ಹಳ್ಳಿಗೂ ಒಂದು ಸಂಕೇತ ಸಂಖ್ಯೆ ಇರುತ್ತದೆ. ತಾಲ್ಲೂಕಿನ ಗಡಿ ಎತ್ತ ಸರಿದರೂ ಹಳ್ಳಿ ಇದ್ದಲ್ಲೇ ಇರುತ್ತದೆ. ಪ್ರತಿ ಬಿಲ್ಲಿನ ಮೇಲೂ ಹಣ ಸೇರಿದ ಹಳ್ಳಿಯ ಸಂಖ್ಯೆ ನಮೂದಾಗಿದ್ದರೆ, ಹಳೆಯ ಜೇವರ್ಗಿಯನ್ನು ಹಳ್ಳಿ ಹಳ್ಳಿ ಪೇರಿಸಿ ಮರಳಿ ಕಟ್ಟಬಹುದು. ಬರೀ ತಾಲ್ಲೂಕಿನ ಹೆಸರು ಬರೆದು ಬಿಟ್ಟಿದ್ದರೆ, ಆ ಹಣದಲ್ಲಿ ಯಡ್ರಾಮಿಯ ಪಾಲೆಷ್ಟಿತ್ತು ಎಂಬುದನ್ನು ಎಷ್ಟು ದೊಡ್ಡ ಕಂಪ್ಯೂಟರಿಗೂ ಬಿಡಿಸಲಾಗದು.