ಮೋಟಾರು ಷೆಡ್ಡಿನ ಗಾನಶಾಲೆ

೧೯೫೧ನೆಯ ಇಸವಿಯಲ್ಲಿ ಅಮೆರಿಕದಲ್ಲಿ ಒಂದು ಗಾನತಟ್ಟೆ ಒಂಬತ್ತು ವಾರಗಳ ಕಾಲ ಮಾರಾಟದ ಪಟ್ಟಿಯ ಮೊದಲ ಸ್ಥಾನವನ್ನು ಬಿಟ್ಟುಕೊಡದೆ ನಿಂತಿತು. ಹಾಡಿನ ಹೆಸರು ‘ಹೌ ಹೈ ದ ಮೂನ್’. ಕೇಳುವವರಿಗೆ ಅದರಲ್ಲಿ ಮೂರು ನಾಲ್ಕು ಮಂದಿ ಗಾಯಕಿಯರು ಒಟ್ಟಿಗೆ ಹಾಡುತ್ತಿರುವಂತೆಯೂ, ಗಿಟಾರುಗಳ ಒಂದು ಪುಟ್ಟ ದಂಡೇ ಅವರ ಬೆನ್ನಿಗೆ ನಿಂತು ನುಡಿಸುತ್ತಿರುವಂತೆಯೂ ತೋರುತ್ತಿತ್ತು. ವಾಸ್ತವವಾಗಿ ಅಲ್ಲಿ ಇದ್ದವರು ಇಬ್ಬರೇ: ಲೆಸ್ ಪಾಲ್ ಎಂಬ ಗಿಟಾರು ವಾದಕ, ಮೇರಿ ಫೋರ್ಡ್ ಎಂಬ ಆತನ ಮಡದಿ. ಧ್ವನಿಮುದ್ರಣ ನಡೆದದ್ದು ಯಾವ ಕಂಪೆನಿಯ ಭವ್ಯ ಭವನದಲ್ಲಿಯೂ ಅಲ್ಲ. ನ್ಯೂಯಾರ್ಕ್ ನಗರದ ಕ್ವೀನ್ಸ್ ಭಾಗದಲ್ಲಿದ್ದ ಅವರ ವಸತಿಯಲ್ಲಿ.

ಇಂದು ಲೋಕದ ಎಲ್ಲೆಡೆ ತರುಣರು ಮಲಗುವ ಕೋಣೆಯ ಮೂಲೆಯಲ್ಲಿ ಗಣಕಯಂತ್ರ, ಮೈಕು, ಗಿಟಾರುಗಳನ್ನು ಹೂಡಿಕೊಂಡು ಹಾಡು ಕಟ್ಟುತ್ತಾರೆ. ಯಾವುದನ್ನು ಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬ ಚಿಂತೆ ಅವರಲ್ಲಿ ಅನೇಕರನ್ನು ಹಾಡಿಗಿಂತ ಹೆಚ್ಚಾಗಿ ಕಾಡುತ್ತದೆ. ಅಂಗಡಿಯ ಬೆಲೆಪಟ್ಟಿಗಳನ್ನು ತಿರುವಿಹಾಕುವ ಮೊದಲು ಈ ದಂಪತಿಗಳ ವೃತ್ತಾಂತವನ್ನು ಓದುವುದರಿಂದ ನಷ್ಟವೇನೂ ಇಲ್ಲ.

ಲೆಸ್ ಪಾಲ್ ಹುಟ್ಟಿದ್ದು ೧೯೧೫ನೆಯ ಜೂನ್ ೯ರಂದು, ವಿಸ್ಕಾನ್ಸಿನ್ ಸಂಸ್ಥಾನದ ವಾಕೆಷಾ ಎಂಬ ಊರಿನಲ್ಲಿ. ಬಾಲ್ಯದಲ್ಲಿ ಆತ ರಸ್ತೆ ಬದಿಯ ಒಂದು ತಿಂಡಿಯಂಗಡಿಯ ಮುಂದೆ ಹಾಡಿ ನುಡಿಸಿ ನಾಲ್ಕು ಕಾಸು ಸಂಪಾದಿಸುತ್ತಿದ್ದ. ಟೆಲಿಫೋನಿನ ಬಾಯಿಭಾಗವನ್ನು ತಾಯಿಯ ರೇಡಿಯೋಗೆ ಜೋಡಿಸಿ ತನ್ನ ಕಂಠವನ್ನೇನೋ ದೂರದವರಿಗೆ ಮುಟ್ಟಿಸಿದ. ಆದರೆ ಹಿಂದೆ ಮೋಟಾರುಗಳಲ್ಲಿ ಕುಳಿತವರಿಗೆ ಗಿಟಾರು ಕೇಳಿಸಲಿಲ್ಲ. ಮರುಸಲ ಹುಡುಗ ಗ್ರಾಮಫೋನಿನ ಮುಳ್ಳನ್ನೇ ಗಿಟಾರಿನ ಮೈಗೆ ಚುಚ್ಚಿ, ತಂತಿಯನ್ನು ತಂದೆಯ ರೇಡಿಯೋಗೆ ಕಟ್ಟಿದನಂತೆ. ಇದು ಆತನೇ ವೃದ್ಧಾಪ್ಯದವರೆಗೂ ಹೇಳುತ್ತಿದ್ದ ಕಥೆ. ಕಥೆಗೆ ಒಗ್ಗರಣೆ ಹಾಕುವುದರಲ್ಲಿಯೂ ಆತನ ಕೈ ಗಿಟಾರಿನಷ್ಟೇ ಪಳಗಿತ್ತು ಎಂಬುದನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಗಿಟಾರಿನ ಟೊಳ್ಳು ಹೊಟ್ಟೆ, ವೀಣೆಯ ಕೊಡದಂತೆ, ತಂತಿಯ ಕ್ಷೀಣನಾದವನ್ನು ಹಿಗ್ಗಿಸಲೆಂದೇ ಇರುವುದು. ವಿದ್ಯುತ್ತು ಬಂದ ಮೇಲೆ ಅದೇ ಹೊಟ್ಟೆ ಶತ್ರುವಾಯಿತು. ಧ್ವನಿವರ್ಧಕದಿಂದ ಹೊರಟ ನಾದ ಟೊಳ್ಳು ಮೈಯನ್ನು ಅಲುಗಿಸುತ್ತದೆ. ಮೈ ತಂತಿಯನ್ನು ಅಲುಗಿಸುತ್ತದೆ. ತಂತಿಯ ನಾದ ಮತ್ತೆ ಧ್ವನಿವರ್ಧಕಕ್ಕೆ ಹೋಗುತ್ತದೆ. ಮದುವೆಯ ಚಪ್ಪರದಲ್ಲಿ ಮೈಕು ಧ್ವನಿವರ್ಧಕದ ಎದುರಿಗೆ ಬಂದೊಡನೆ ಏಳುವ ಕಿವಿಗಡಚಿಕ್ಕುವ ಕೂಗನ್ನು ಕೇಳದವರಾರು? ಅದೇ ಬಾಧೆ. ೧೯೪೦-೪೧ರ ಸುಮಾರಿಗೆ ಲೆಸ್ ಪಾಲ್ ನ್ಯೂಯಾರ್ಕಿನ ಎಪಿಫೋನ್ ಕಾರ್ಖಾನೆಯಲ್ಲಿ, ಕೆಲಸಗಾರರಿಲ್ಲದ ಭಾನುವಾರಗಳಂದು, ನಾಲ್ಕಂಗುಲ ದಪ್ಪದ ಒಂದು ಮರದ ತೊಲೆಗೆ ತಂತಿ ಬಿಗಿದು, ಅದರ ಕೆಳಗೆ ನಾದವನ್ನು ಹಿಡಿಯುವ ತಂತಿಸುರುಳಿಗಳನ್ನು ಕೂಡಿಸಿದ. ನಾದ ನಿರ್ಮಲವಾಗಿ, ದೀರ್ಘವಾಗಿ ನಿಂತಿತು. ಆದರೆ ತೊಲೆಯನ್ನು ತಬ್ಬಿಕೊಂಡು ಕುಳಿತವನನ್ನು ಕಂಡು ಯಾರೂ ತಲೆದೂಗಲಿಲ್ಲ. ಆಗ ಆತ ಒಂದು ಹಳೆಯ ಗಿಟಾರನ್ನು ಉದ್ದಕ್ಕೆ ಸೀಳಿ, ಎರಡು ಹೋಳುಗಳನ್ನು ತೊಲೆಯ ಎಡಬಲಗಳಿಗೆ ರೆಕ್ಕೆಗಳಂತೆ ಸಿಕ್ಕಿಸಿದ. ನಾದ ಬದಲಾಗಲಿಲ್ಲ, ರೂಪ ಬದಲಾಯಿತು, ಮೆಚ್ಚುಗೆ ಹರಿದು ಬಂತು! ಗಿಬ್ಸನ್ ಕಂಪೆನಿಯವರು ಮಾತ್ರ ಅದನ್ನು ಪೊರಕೆಯ ಕೋಲೆಂದು ನಕ್ಕು ಕಳುಹಿಸಿದರು. ೧೯೫೦ರಲ್ಲಿ ಲಿಯೋ ಫೆಂಡರ್ ಗಟ್ಟಿ ಮರದ ಗಿಟಾರನ್ನು ಪೇಟೆಗೆ ತಂದ ಮೇಲೆ ಅವರಿಗೆ ಪೊರಕೆಯ ಕೋಲಿನ ನೆನಪಾಯಿತು. ೧೯೫೨ರಲ್ಲಿ ಲೆಸ್ ಪಾಲನ ಹೆಸರನ್ನೇ ಹೊತ್ತ ಗಿಬ್ಸನ್ ಗಿಟಾರು ಹೊರಬಿತ್ತು.

ಗಟ್ಟಿ ಮೈಯ ಗಿಟಾರಿಗೆ ಆತನೊಬ್ಬನೇ ಜನಕನೆಂದು ಹೇಳುವುದು ಸರಿಯಲ್ಲ. ರಿಕನ್‌ಬ್ಯಾಕರ್ ಕಂಪೆನಿಯ ಅಲ್ಯೂಮಿನಿಯಮ್ ಗಿಟಾರು ೧೯೩೨ರಲ್ಲಿಯೇ ಮಾರಾಟಕ್ಕೆ ಬಂದಿತ್ತು. ನೋಡುವುದಕ್ಕೆ ದೋಸೆಯ ಕಾವಲಿಗೆ ಹಿಡಿ ಹಾಕಿದಂತಿತ್ತು. ಪದರದ ಮೇಲೆ ಪದರವಾಗಿ ಧ್ವನಿಮುದ್ರಿಸುವ ವಿದ್ಯೆಯೂ ಅಷ್ಟೆ: ಸಿಡ್ನಿ ಬೆಷೆ ಎಂಬ ಜಾಜ್ ವಾದಕ ೧೯೪೧ರಲ್ಲಿ ಒಂದೇ ಗೀತೆಗೆ ಆರು ವಾದ್ಯಗಳನ್ನು ತಾನೇ ಒಂದಾದ ಮೇಲೊಂದು ನುಡಿಸಿ ತಟ್ಟೆಗಿಳಿಸಿದ್ದ. ಲೆಸ್ ಪಾಲನ ಹೆಗ್ಗಳಿಕೆ ಬೇರೆ. ಒಮ್ಮೆ ನಡೆದ ಚಮತ್ಕಾರವನ್ನು ಆತ ಮನೆಯಲ್ಲಿ ದಿನನಿತ್ಯ ಮಾಡಬಹುದಾದ ಕೆಲಸವನ್ನಾಗಿ ಮಾಡಿದ.

೧೯೪೫ರಲ್ಲಿ ಪ್ರಖ್ಯಾತ ಗಾಯಕ ಬಿಂಗ್ ಕ್ರಾಸ್ಬಿಯೊಡನೆ ಆತ ನುಡಿಸಿದ. ಸ್ವಂತ ಧ್ವನಿಮುದ್ರಣಶಾಲೆಯನ್ನು ಕಟ್ಟಿಕೋ ಎಂದು ಹುರಿದುಂಬಿಸಿದವನೂ ಕ್ರಾಸ್ಬಿಯೇ. ಹಾಲಿವುಡ್ಡಿನ ತನ್ನ ಮನೆಯ ಮೋಟಾರು ಷೆಡ್ಡನ್ನು ಲೆಸ್ ಪಾಲ್ ಶಾಲೆಯಾಗಿ ಮಾರ್ಪಡಿಸಿದ. ತಟ್ಟೆ ಕೊರೆಯುವ ಯಂತ್ರಕ್ಕೆ ಆತ ಕೂಡಿಸಿದ್ದು ಕ್ಯಾಡಿಲಾಕ್ ಮೋಟಾರಿನ ಭಾರವಾದ ಗತಿಚಕ್ರವನ್ನು. ಅದು ಹುಚ್ಚಾಟವೆಂದು ತೋರಿದರೂ ಹಾಗಲ್ಲ: ತಟ್ಟೆಯ ಸುತ್ತು ಎಳ್ಳಷ್ಟು ಏರುಪೇರಾದರೂ ಶ್ರುತಿ ಅಲುಗಾಡುತ್ತದೆ, ಭಾರವಾದ ಚಕ್ರ ಒಂದೇ ಗತಿಯಲ್ಲಿ ತಿರುಗುತ್ತದೆ. ಒಂದು ತಟ್ಟೆಯಲ್ಲಿ ಮೊದಲ ಗಿಟಾರನ್ನು ಮುದ್ರಿಸಿ, ಅದು ನುಡಿಯುತ್ತಿರುವಾಗಲೇ ಜೊತೆಗೆ ಎರಡನೆಯದನ್ನು ನುಡಿಸಿ, ಎರಡನ್ನೂ ಇನ್ನೊಂದು ತಟ್ಟೆಗಿಳಿಸಬೇಕು. ಕೆಲವು ಭಾಗಗಳನ್ನು ತಟ್ಟೆಯ ವೇಗವನ್ನು ಅರ್ಧಕ್ಕಿಳಿಸಿ ಮುದ್ರಿಸಿದ. ಪೂರ್ಣವೇಗದಲ್ಲಿ ಹಾಕಿದಾಗ ಸ್ವರಗಳು ಒಂದು ಸ್ಥಾಯಿ ಮೇಲೇರಿ ಪಾದರಸದಂತೆ ಹರಿದವು. ಎಂಟು ಗಿಟಾರುಗಳ ‘ಲವರ್’ ೧೯೪೮ರಲ್ಲಿ ಹೀಗೆ ಹೊರಬಂತು.

ಅದೇ ವರ್ಷದ ಜನವರಿಯಲ್ಲಿ ದುರಂತವೊಂದು ಘಟಿಸಿತು. ಓಕ್ಲಹೋಮ ಸಂಸ್ಥಾನದಲ್ಲಿ ಚಳಿಗಾಲದ ರಸ್ತೆಯಲ್ಲಿ ಜಾರಿದ ಮೋಟಾರು ಸೇತುವೆಯಿಂದ ಕೆಳಕ್ಕುರುಳಿತು. ಚಕ್ರ ಹಿಡಿದಿದ್ದವಳು ಮೇರಿ. ಆಗಿನ್ನೂ ಅವರ ವಿವಾಹವಾಗಿರಲಿಲ್ಲ. ಲೆಸ್ ಪಾಲನ ಬಲ ಮೊಣಕೈ ನುಚ್ಚುನೂರಾಯಿತು. ಆ ಮೊಣಕೈ ಇನ್ನು ಮಡಿಸಲು ಬರುವುದಿಲ್ಲವೆಂಬುದು ಖಚಿತವಾದಾಗ ಆತ ವೈದ್ಯರಲ್ಲಿ ಬೇಡಿಕೊಂಡದ್ದು ಒಂದೇ: ಗಿಟಾರನ್ನು ಅಪ್ಪಿ ತಂತಿ ಮೀಟಲು ಬರುವ ಕೋನದಲ್ಲಿಯೇ ಕೈಯನ್ನು ಕೂಡಿಸಿಬಿಡಿ ಎಂದು. ಅವರು ಹಾಗೆಯೇ ಕೂಡಿಸಿದರು. ೨೦೦೯ರಲ್ಲಿ ತೊಂಬತ್ತನಾಲ್ಕನೆಯ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಆತನ ಬಲಗೈ ಗಿಟಾರಿನ ಆಕಾರಕ್ಕೆ ಬಾಗಿದಂತೆಯೇ ಇತ್ತು.

೧೯೪೯ರಲ್ಲಿ ಕ್ರಾಸ್ಬಿ ಆತನಿಗೆ ಆಂಪೆಕ್ಸ್ ಟೇಪ್ ಯಂತ್ರವೊಂದನ್ನು ತಂದುಕೊಟ್ಟ. ಇಲ್ಲಿಂದ ಮುಂದಿನದು ನಿಜವಾಗಿ ಎದೆ ನಡುಗಿಸುವ ವಿಷಯ. ಟೇಪ್ ಯಂತ್ರದಲ್ಲಿ ಫೀತೆಯು ಮೊದಲು ಅಳಿಸುವ ಹೆಡ್ಡನ್ನು, ಅನಂತರ ಮುದ್ರಿಸುವ ಹೆಡ್ಡನ್ನು, ಕೊನೆಗೆ ನುಡಿಸುವ ಹೆಡ್ಡನ್ನು ಸೋಕಿ ಸಾಗುತ್ತದೆ. ಅಳಿಸುವ ಹೆಡ್ಡಿಗಿಂತ ಮುಂಚೆ ಇನ್ನೊಂದು ಹೆಡ್ಡನ್ನು ಲೆಸ್ ಪಾಲ್ ಕೂಡಿಸಿದ. ಫೀತೆಯಲ್ಲಿದ್ದ ಹಳೆಯ ನಾದವನ್ನು ಅದು ಓದಿಕೊಳ್ಳುತ್ತದೆ, ಆ ನಾದ ಹೊಸದರೊಡನೆ ಬೆರೆಯುತ್ತದೆ, ಹಳೆಯದು ಅಳಿಸಿಹೋಗುತ್ತದೆ, ಬೆರೆತದ್ದು ಅದೇ ಜಾಗದಲ್ಲಿ ಮುದ್ರಿತವಾಗುತ್ತದೆ. ಒಂದೇ ಯಂತ್ರ ಸಾಕು. ಅದನ್ನು ಹೊತ್ತುಕೊಂಡು ಹೋದಲ್ಲೆಲ್ಲ ಹೋಟೆಲಿನ ಕೋಣೆಯಲ್ಲಿಯೇ ಹಾಡು ಕಟ್ಟಬಹುದು. ಆದರೆ ಹಿಂದಿರುಗುವ ದಾರಿಯಿಲ್ಲ. ಹತ್ತನೆಯ ಪದರದಲ್ಲಿ ಮೇರಿಯ ಉಸಿರು ತಪ್ಪಿದರೆ, ಬಾಗಿಲು ಬಡಿದರೆ, ತಲೆಯ ಮೇಲೆ ವಿಮಾನ ಹಾದುಹೋದರೆ ಹಿಂದಿನ ಒಂಬತ್ತು ಪದರಗಳೂ ಹೋದಂತೆಯೇ. ಪದರ ಹೆಚ್ಚಿದಂತೆ ತಳದ ನಾದ ಮಸುಕಾಗುತ್ತ ಬರುವುದರಿಂದ ಅಷ್ಟೇನೂ ಮುಖ್ಯವಲ್ಲದ ಭಾಗಗಳನ್ನು ಮೊದಲು, ಮುಖ್ಯವಾದದ್ದನ್ನು ಕೊನೆಗೆ ಮುದ್ರಿಸಬೇಕು. ಎಂದರೆ ಹಾಡು ಮುಗಿದ ಮೇಲೆ ಹೇಗಿರಬೇಕೆಂಬುದು ಮೊದಲನೆಯ ತಂತಿ ಮೀಟುವ ಮುನ್ನವೇ ತಲೆಯಲ್ಲಿ ಸಿದ್ಧವಾಗಿರಬೇಕು.

ಈ ಸಾಹಸದ ಕೀರ್ತಿಯೆಲ್ಲ ಯಂತ್ರ ತಿರುಗಿಸಿದವನಿಗೆ ಹೋಯಿತು. ತನ್ನದೇ ಕಂಠದ ಹಿಂದಿನ ಪದರಗಳೊಡನೆ ಕೂದಲೆಳೆಯಷ್ಟೂ ಜಾರದೆ ಹಾಡಿದವಳು ಮೇರಿ ಫೋರ್ಡ್. ಗಾಯಕರು ಮೈಕಿನಿಂದ ಮಾರು ದೂರ ನಿಲ್ಲುತ್ತಿದ್ದ ಕಾಲದಲ್ಲಿ ಆಕೆ ಕೆಲವೇ ಅಂಗುಲಗಳ ಅಂತರದಲ್ಲಿ ಮೆಲುದನಿಯಲ್ಲಿ ಹಾಡಿದಳು. ಕೇಳುವವನ ಕಿವಿಯಲ್ಲಿಯೇ ಹಾಡಿದಂತಿರುವ ಆ ಆಪ್ತತೆ ಯಂತ್ರ ಕೊಟ್ಟದ್ದಲ್ಲ.

ಮುಂದೆ ಲೆಸ್ ಪಾಲನ ಬೇಡಿಕೆಯಂತೆ ಆಂಪೆಕ್ಸ್ ಕಂಪೆನಿ ಎಂಟು ಹಾದಿಗಳ ಟೇಪ್ ಯಂತ್ರವನ್ನು ತಯಾರಿಸಿ ೧೯೫೭ರಲ್ಲಿ ನ್ಯೂಜೆರ್ಸಿಯ ಆತನ ಮನೆಗೆ ತಲುಪಿಸಿತು. ಬೆಲೆ ಹತ್ತು ಸಾವಿರ ಡಾಲರು. ಮುದ್ರಿಸುವ ಹೆಡ್ಡಿನಿಂದಲೇ ಹಳೆಯ ಹಾದಿಗಳನ್ನು ಕೇಳಿಸುವ ಉಪಾಯ ಅದರಲ್ಲಿದ್ದುದರಿಂದ ಹೊಸ ವಾದನ ಹಳೆಯದಕ್ಕಿಂತ ಹಿಂದೆ ಬೀಳುತ್ತಿರಲಿಲ್ಲ. ಒಂದು ಹಾದಿ ಕೆಟ್ಟರೆ ಅದೊಂದನ್ನೇ ಮತ್ತೆ ಮುದ್ರಿಸಬಹುದಾಗಿತ್ತು. ವಿಪರ್ಯಾಸವೆಂದರೆ, ಆ ವೇಳೆಗೆ ರಾಕ್ ಸಂಗೀತದ ಅಬ್ಬರದಲ್ಲಿ ಈ ದಂಪತಿಗಳ ಹಾಡುಗಳ ಕಾಲ ಇಳಿಮುಖವಾಗಿತ್ತು. ಎಂಟು ಹಾದಿಗಳಿದ್ದ ಮನೆಯಿಂದ ‘ಹೌ ಹೈ ದ ಮೂನ್’ನಂತಹ ಇನ್ನೊಂದು ಹಾಡು ಬರಲಿಲ್ಲ. ೧೯೬೪ರಲ್ಲಿ ಅವರಿಬ್ಬರೂ ಬೇರೆಯಾದರು.

ಇದಕ್ಕೆ ಎದುರಾದ ನಿದರ್ಶನವೂ ಅದೇ ನ್ಯೂಜೆರ್ಸಿಯಲ್ಲಿದೆ. ೧೯೮೨ರ ಜನವರಿಯಲ್ಲಿ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ತನ್ನ ಬಾಡಿಗೆ ಮನೆಯ ಕೋಣೆಯಲ್ಲಿ ಸಾಮಾನ್ಯ ಕ್ಯಾಸೆಟ್ಟಿನ ಮೇಲೆ ನಾಲ್ಕು ಹಾದಿಗಳಲ್ಲಿ ಮುದ್ರಿಸುವ ಟಾಸ್ಕಾಮ್ ಪೆಟ್ಟಿಗೆಯನ್ನೂ ಎರಡು ಶೂರ್ ಮೈಕುಗಳನ್ನೂ ಇಟ್ಟುಕೊಂಡು ಹಾಡುಗಳ ಕರಡನ್ನು ಮುದ್ರಿಸಿದ. ವಾದ್ಯವೃಂದದವರಿಗೆ ಕೇಳಿಸಲೆಂದು ಮಾಡಿದ ಕರಡು ಅದು. ದೊಡ್ಡ ಶಾಲೆಯಲ್ಲಿ ವೃಂದದೊಡನೆ ಮತ್ತೆ ಮುದ್ರಿಸಿ ನೋಡಿದರೆ ಮೊದಲಿನ ಜೀವವೇ ಇಲ್ಲ! ಕೊನೆಗೆ ಡಬ್ಬಿಯೂ ಇಲ್ಲದೆ ಜೇಬಿನಲ್ಲಿ ಅಲೆದಾಡಿದ್ದ ಆ ಕ್ಯಾಸೆಟ್ಟೇ ‘ನೆಬ್ರಾಸ್ಕ’ ಎಂಬ ಹೆಸರಿನಲ್ಲಿ ಅದೇ ವರ್ಷ ಪ್ರಕಟವಾಯಿತು.

ಈಗ ಕೊಳ್ಳುವವರ ವಿಷಯ. ಗಿಟಾರಿನಲ್ಲಿ ಮೊದಲು ನೋಡಬೇಕಾದುದು ಕತ್ತಿನ ನೇರವನ್ನೂ, ತಂತಿಯು ಮೆಟ್ಟಿಲುಗಳಿಂದ ಎಷ್ಟು ಎತ್ತರದಲ್ಲಿದೆ ಎಂಬುದನ್ನೂ, ಬಣ್ಣ ಆಮೇಲೆ. ಒಂಟಿ ಸುರುಳಿಯ ಗಿಟಾರು ಗಾಜಿನಂತೆ ಸ್ವಚ್ಛವಾಗಿ ನುಡಿಯುತ್ತದೆ, ಆದರೆ ಮನೆಯ ವಿದ್ಯುತ್ತಿನ ಗುಂಯ್‌ಗುಡುವಿಕೆಯನ್ನೂ ಹೀರಿಕೊಳ್ಳುತ್ತದೆ. ಗಿಬ್ಸನ್ ಕಂಪೆನಿಯ ಸೆತ್ ಲವರ್ ೧೯೫೫ರಲ್ಲಿ ರೂಪಿಸಿದ ಜೋಡಿಸುರುಳಿ ಆ ಗುಂಯ್‌ಕಾರವನ್ನು ಪರಸ್ಪರ ಹೊಡೆದುಹಾಕುತ್ತದೆ. ಗಣಕಯಂತ್ರದ ಪಕ್ಕದಲ್ಲಿ ಕುಳಿತು ಮುದ್ರಿಸುವವರಿಗೆ ಅದು ಸುಖ. ನೂರು ವ್ಯಾಟಿನ ಧ್ವನಿವರ್ಧಕ ಮನೆಗೆ ಬೇಡ. ಅದು ಬಾಯಿ ಬಿಡುವಷ್ಟರಲ್ಲಿ ನೆರೆಯವರು ಬಾಗಿಲಿಗೆ ಬಂದಿರುತ್ತಾರೆ. ಮೈಕುಗಳಲ್ಲಿ ಡೈನಮಿಕ್ ಜಾತಿಯದು ಗಟ್ಟಿಮುಟ್ಟು, ಕೋಣೆಯ ಸದ್ದನ್ನು ಅಷ್ಟಾಗಿ ಹಿಡಿಯದು. ಕಂಡೆನ್ಸರ್ ಜಾತಿಯದು ಸೂಕ್ಷ್ಮ. ಸಾಮಾನ್ಯವಾಗಿ ನಲವತ್ತೆಂಟು ವೋಲ್ಟುಗಳನ್ನು ಬೇಡುತ್ತದೆ, ಬೀದಿಯ ಸೊಪ್ಪಿನವಳ ಕೂಗನ್ನೂ ಬಿಡುವುದಿಲ್ಲ.

ಮರದ ಗಿಟಾರಿಗೆ ಮೈಕನ್ನು ಹೊಟ್ಟೆಯ ರಂಧ್ರದ ಎದುರಿಗಿಟ್ಟರೆ ನಾದ ಡೊಳ್ಳಿನಂತಾಗುತ್ತದೆ. ಹನ್ನೆರಡನೆಯ ಮೆಟ್ಟಿಲಿನ ಎದುರಿಗೆ ಒಂದು ಗೇಣು ದೂರದಲ್ಲಿಟ್ಟು ನೋಡಬೇಕು. ಮೀಟರಿನ ಸೂಚಿ ಸೊನ್ನೆಗಿಂತ ಹತ್ತು ಹನ್ನೆರಡು ಡೆಸಿಬೆಲ್ ಕೆಳಗೇ ಆಡುತ್ತಿರಲಿ. ಇಂದಿನ ಯಂತ್ರಗಳಲ್ಲಿ ಒಮ್ಮೆ ಸೊನ್ನೆ ದಾಟಿ ಒಡೆದ ನಾದವನ್ನು ಸರಿಪಡಿಸುವುದು ಬಲು ಕಷ್ಟ. ಬರಿಗೋಡೆಯ ಕೋಣೆಗಿಂತ ಜಮಖಾನ, ಕಂಬಳಿ, ಬಟ್ಟೆ ತುಂಬಿದ ತೆರೆದ ಬೀರುಗಳಿರುವ ಕೋಣೆ ಲೇಸು. ಗೋಡೆಗೆ ಮೊಟ್ಟೆಯ ತಟ್ಟೆಗಳನ್ನು ಅಂಟಿಸುವ ಪದ್ಧತಿಯಿಂದ ಹೊರಗಿನ ಸದ್ದು ನಿಲ್ಲದು. ತುಕ್ಕು ಹಿಡಿದ ತಂತಿಯ ಮುಂದೆ ಯಾವ ಬೆಲೆಯ ಮೈಕೂ ನಿಷ್ಪ್ರಯೋಜಕ. ಹೊಸ ತಂತಿಗಳನ್ನು ಮುದ್ರಣದ ಹಿಂದಿನ ದಿನ ಕಟ್ಟಿ, ಚೆನ್ನಾಗಿ ಎಳೆದು, ಶ್ರುತಿ ನಿಲ್ಲುವಂತೆ ಮಾಡಿಡಬೇಕು. ಪ್ರತಿಯೊಂದು ಪದರಕ್ಕೂ ಮೊದಲು ಶ್ರುತಿಯನ್ನು ಮತ್ತೆ ನೋಡಬೇಕು. ಆ ದಿನದ ಕೆಲಸವನ್ನು ಆ ರಾತ್ರಿಯೇ ಇನ್ನೊಂದು ಕಡೆ ನಕಲು ಮಾಡಿಟ್ಟು ಮಲಗುವುದು ಒಳ್ಳೆಯದು.