ಸತ್ತವರಿಗೂ ಜಾಗ ಸಾಲದ ಊರು

ಆಸ್ಟ್ರಿಯಾದ ಹಾಲ್‌ಸ್ಟಾಟ್ ಎಂಬ ಹೆಸರು ಕೇಳದವರೂ ಅದರ ಚಿತ್ರವನ್ನು ನೋಡಿರುತ್ತಾರೆ. ಸರೋವರದ ಅಂಚಿನಲ್ಲಿ ಚೂಪು ಗೋಪುರದ ಚರ್ಚು, ಹಿಂದೆ ಬೆಟ್ಟ, ನಡುವೆ ಒತ್ತೊತ್ತಾಗಿ ಮೇಲೇರಿದ ಮನೆಗಳು. ಗೋಡೆ ಕ್ಯಾಲೆಂಡರಿನಿಂದ ಮೊಬೈಲ್ ಪರದೆಯವರೆಗೆ ಎಲ್ಲ ಕಡೆ ಅದೇ ನೋಟ. ಊರಿನ ಜನಸಂಖ್ಯೆ ಸಾವಿರವನ್ನೂ ಮುಟ್ಟುವುದಿಲ್ಲ, ಆದರೆ ಅಷ್ಟು ಜನಕ್ಕೂ ಇಲ್ಲಿ ಸಮತಟ್ಟು ನೆಲ ಸಾಲದು. ಬೆಟ್ಟದ ಇಳಿಜಾರು ನೆಟ್ಟಗೆ ನೀರಿಗೇ ಇಳಿದಿದೆ. 19ನೇ ಶತಮಾನದ ಕೊನೆಗೆ ಬಂಡೆ ಸಿಡಿಸಿ ದಡದಲ್ಲಿ ರಸ್ತೆ ಮಾಡುವ ತನಕ ದೋಣಿ, ಇಲ್ಲವೇ ಕಾಲುದಾರಿಯೇ ಗತಿ. ರೈಲ್ವೆ ನಿಲ್ದಾಣ ಇಂದಿಗೂ ಆಚೆ ದಡದಲ್ಲಿದೆ. ರೈಲಿನಿಂದ ಇಳಿದವರು ಲಾಂಚ್ ಹತ್ತಿ ಊರು ಸೇರಬೇಕು.

ಇಂಥ ಜಾಗದಲ್ಲಿ ಜನ ನೆಲೆ ನಿಂತದ್ದು ಉಪ್ಪಿಗಾಗಿ. ಊರಿನ ಮೇಲಿನ ಗಣಿಯಲ್ಲಿ ಸಿಕ್ಕ ಮರದ ಏಣಿಮೆಟ್ಟಿಲಿಗೆ ಮೂರು ಸಾವಿರ ವರ್ಷಕ್ಕೂ ಮೀರಿದ ವಯಸ್ಸು. ಉಪ್ಪು ಅದನ್ನು ಕೊಳೆಯಲು ಬಿಟ್ಟಿಲ್ಲ. ಗಣಿಯ ಅಧಿಕಾರಿ ಯೋಹಾನ್ ಗೇಯೋರ್ಗ್ ರಾಮ್‌ಸೌವರ್ 1846ರಿಂದ ಅಗೆಸಿದ ಪ್ರಾಚೀನ ಗೋರಿಗಳು ಸಾವಿರದ ಹತ್ತಿರ. ಯುರೋಪಿನ ಆರಂಭದ ಕಬ್ಬಿಣ ಯುಗವನ್ನು ಇತಿಹಾಸಕಾರರು ಈ ಪುಟ್ಟ ಊರಿನ ಹೆಸರಿನಿಂದಲೇ ಕರೆಯುತ್ತಾರೆ.

ಫೋಟೊದಲ್ಲಿ ಮಿಂಚುವ ಗೋಪುರವನ್ನು ಸದ್ಯಕ್ಕೆ ಬದಿಗಿಟ್ಟು ಮೆಟ್ಟಿಲು ಹತ್ತಬೇಕು. ಮನೆಗಳ ಸೂರಿಗಿಂತ ಎತ್ತರದಲ್ಲಿ ಬೆಟ್ಟಕ್ಕೆ ಅಂಟಿಕೊಂಡಿರುವುದು ಮರಿಯಾ ಮಾತೆಯ ಕ್ಯಾಥೊಲಿಕ್ ಚರ್ಚು. ಊರಿನ ಹಳೆಯ ಚರ್ಚು ಇದೇ. ಒಳಗೆ ಶಿಲ್ಪಿ ಲೀನ್‌ಹಾರ್ಟ್ ಆಸ್ಟ್ಲ್ 16ನೇ ಶತಮಾನದ ಆರಂಭದಲ್ಲಿ ಮಾಡಿದ, ಬಾಗಿಲುಗಳಿರುವ ಮರದ ಬಲಿಪೀಠವಿದೆ. ನಡುವೆ ಕೂಸನ್ನೆತ್ತಿದ ಮರಿಯಾ, ಅಕ್ಕಪಕ್ಕ ಸಂತ ಕ್ಯಾಥರೀನ್ ಮತ್ತು ಸಂತ ಬಾರ್ಬರಾ. ಬಾರ್ಬರಾ ಗಣಿ ಕೆಲಸದವರನ್ನು ಕಾಯುವವಳು, ಕ್ಯಾಥರೀನ್ ಮರ ಕಡಿಯುವವರನ್ನು. ಉಪ್ಪುನೀರನ್ನು ಕುದಿಸಿ ಉಪ್ಪು ತೆಗೆಯಲು ಕಾಡೇ ಬೇಕಿತ್ತು. ಸುತ್ತಲ ಕಾಡು ಸಾಲದಾಗಿ, ಕೊನೆಗೆ ಉಪ್ಪುನೀರನ್ನೇ ದೂರದ ಎಬೆನ್‌ಸೇಗೆ ಸಾಗಿಸಲು 1607ರ ವೇಳೆಗೆ ಟೊಳ್ಳು ಮಾಡಿದ ಮರದ ದಿಮ್ಮಿಗಳ ಸುಮಾರು 40 ಕಿ.ಮೀ. ಕೊಳವೆ ಹಾಸಿದರು. ಆ ಎರಡು ಕಸುಬುಗಳ ಕಾವಲಿನವರನ್ನು ದೇವಮಾತೆಯ ಎಡಬಲಕ್ಕೇ ನಿಲ್ಲಿಸಿಕೊಂಡ ಊರು, ತನ್ನ ಅನ್ನ ಎಲ್ಲಿಂದ ಬರುತ್ತದೆಂದು ಮರೆತಿರಲಿಲ್ಲ.

ಚರ್ಚಿನ ಪಕ್ಕದ ಸ್ಮಶಾನ ಅಂಗಳದಷ್ಟೇ. ಬೆಟ್ಟ ಸರಿಯುವುದಿಲ್ಲ, ಸಾವು ನಿಲ್ಲುವುದಿಲ್ಲ. ಹತ್ತು ಹದಿನೈದು ವರ್ಷ ಕಳೆದ ಗೋರಿಯನ್ನು ತೆರೆದು, ಮೂಳೆ ಎತ್ತಿ, ಹೊಸಬರಿಗೆ ಜಾಗ ಮಾಡಿಕೊಡುವ ಪದ್ಧತಿ ಬಂದದ್ದು ಹೀಗೆ. ಎತ್ತಿದ ಬುರುಡೆಯನ್ನು ತೊಳೆದು, ಬಿಸಿಲು ಗಾಳಿಗೆ ವಾರಗಟ್ಟಲೆ ಇಟ್ಟು, ಬೆಳ್ಳಗಾದ ಮೇಲೆ ಬಣ್ಣ ಬರೆಯುತ್ತಿದ್ದರು. ಹಣೆಯ ಮೇಲೆ ಹೆಸರು, ಶಿಲುಬೆ, ಸುತ್ತ ಎಲೆಯ ಬಳ್ಳಿ ಅಥವಾ ಗುಲಾಬಿ ಹೂವಿನ ದಂಡೆ. ಎಷ್ಟೋ ಸಲ ಗುಂಡಿ ತೋಡುವವನೇ ಚಿತ್ರಗಾರ. 18ನೇ ಶತಮಾನದಲ್ಲಿ ಶುರುವಾದ ಈ ರೂಢಿಯಿಂದ ಸಂತ ಮಿಖಾಯೇಲನ ಪ್ರಾರ್ಥನಾಲಯದ ನೆಲಮಾಳಿಗೆಯಲ್ಲಿ ಇಂದು ಸುಮಾರು 1,200 ಬುರುಡೆಗಳಿವೆ. ಅವುಗಳಲ್ಲಿ ಅರ್ಧದಷ್ಟಕ್ಕೆ ಬಣ್ಣದ ಅಲಂಕಾರ. ಒಂದೇ ಮನೆತನದವರು ಸಾಲಾಗಿ ಕೂತಿದ್ದಾರೆ. ಕೇಳಿದರೆ ಮೈ ಜುಮ್ಮೆನ್ನಬಹುದು, ಆದರೆ ಇಲ್ಲಿ ಹೆದರಿಸುವ ಉದ್ದೇಶ ಯಾವುದೂ ಕಾಣುವುದಿಲ್ಲ. ಅಜ್ಜಿಯ ಹೆಸರನ್ನು ಯಾರೋ ಅಂದವಾಗಿ ಬರೆದಿಟ್ಟಿದ್ದಾರೆ, ಅಷ್ಟೆ. 1960ರ ದಶಕದಲ್ಲಿ ಕ್ಯಾಥೊಲಿಕ್ ಸಭೆ ದಹನಕ್ಕೆ ಒಪ್ಪಿದ ಮೇಲೆ ಗೋರಿ ತೆರೆಯುವ ಅಗತ್ಯ ಕಡಿಮೆಯಾಯಿತು. ಆದರೂ 1983ರಲ್ಲಿ ತೀರಿಕೊಂಡ ಮಹಿಳೆಯೊಬ್ಬರು ತನ್ನ ಬುರುಡೆಯೂ ಅಲ್ಲೇ ಇರಲೆಂದು ಬಯಸಿದ್ದರು. 1995ರಲ್ಲಿ ಅದನ್ನು ತಂದಿಟ್ಟರು. ಚಿನ್ನದ ಹಲ್ಲಿನಿಂದ ಗುರುತು ಸಿಗುತ್ತದೆ.

ಇನ್ನು ಕೆಳಗಿನ ಆ ಗೋಪುರ. ಉಪ್ಪಿನ ಕೆಲಸಗಾರರಲ್ಲಿ ಅನೇಕರು ಲೂಥರನ ಹಾದಿ ಹಿಡಿದಿದ್ದರು, ಅದಕ್ಕೆ ಬೆಲೆಯನ್ನೂ ತೆತ್ತರು. 1734ರಲ್ಲಿ ಚಕ್ರವರ್ತಿ ಆರನೇ ಕಾರ್ಲ್ ಈ ಸೀಮೆಯ ಪ್ರೊಟೆಸ್ಟೆಂಟರನ್ನು ದೂರದ ಟ್ರಾನ್ಸಿಲ್ವೇನಿಯಕ್ಕೆ ಗಡೀಪಾರು ಮಾಡಿಸಿದ. ಚಕ್ರವರ್ತಿ ಎರಡನೇ ಯೋಸೆಫ್ 1781ರಲ್ಲಿ ಪ್ರಾರ್ಥನೆಗೆ ಅನುಮತಿ ಕೊಟ್ಟನಾದರೂ ಷರತ್ತುಗಳು ವಿಚಿತ್ರ: ಕಟ್ಟಡಕ್ಕೆ ಗೋಪುರ ಇರಕೂಡದು, ಗಂಟೆ ಕೂಡದು, ಬೀದಿಗೆ ಮುಖಮಾಡಿದ ಬಾಗಿಲೂ ಕೂಡದು. ನಿರ್ಬಂಧ ಪೂರ್ತಿ ಕಳಚಲು ಮುಂದಿನ ಶತಮಾನದ ನಡುಭಾಗ ಬರಬೇಕಾಯಿತು. 1863ರಲ್ಲಿ ಮುಗಿದ ಈ ಪ್ರೊಟೆಸ್ಟೆಂಟ್ ಚರ್ಚು ಪೇಟೆಯ ಚೌಕದ ಪಕ್ಕದಲ್ಲೇ, ನೀರಿನ ಅಂಚಿನಲ್ಲಿ, ಎಲ್ಲರಿಗೂ ಕಾಣುವಂತೆ ಎದ್ದು ನಿಂತದ್ದಕ್ಕೆ ಈ ಹಿನ್ನೆಲೆಯಿದೆ. ಸೂಜಿಯಷ್ಟು ಚೂಪಾದ ಅದರ ಗೋಪುರ ನನಗೆ ಅಲಂಕಾರಕ್ಕಿಂತ ಹೆಚ್ಚಾಗಿ ಹಟದಂತೆ ಕಾಣುತ್ತದೆ.

ಕ್ಯಾಥೊಲಿಕರ ಪರಮ ಪ್ರಸಾದದ ಹಬ್ಬದ ಮೆರವಣಿಗೆಗೂ ಇಲ್ಲಿ ಬೀದಿ ಸಾಲದು. 17ನೇ ಶತಮಾನದಿಂದ ಅದು ಸರೋವರದ ಮೇಲೆ ಅಲಂಕರಿಸಿದ ದೋಣಿಗಳಲ್ಲಿ ಸಾಗುತ್ತದೆ. 1997ರಲ್ಲಿ ಊರು ಮತ್ತು ಸುತ್ತಲ ಸೀಮೆಗೆ ಯುನೆಸ್ಕೊ ವಿಶ್ವ ಪರಂಪರೆಯ ಮನ್ನಣೆ ಸಿಕ್ಕಿತು. 2012ರಲ್ಲಿ ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯದಲ್ಲಿ ಚರ್ಚಿನ ಸಮೇತ ಊರಿನ ನಕಲೇ ಎದ್ದಿತು. ಬರುವವರ ದಟ್ಟಣೆ ತಾಳದೆ 2023ರಲ್ಲಿ ಸೆಲ್ಫಿಯ ನೆಚ್ಚಿನ ತಾಣಕ್ಕೆ ಮರದ ಬೇಲಿ ಹಾಕಿದರು. ಟೀಕೆ ಬಂದೊಡನೆ ಕಿತ್ತರು. ಆ ತಾಣದಲ್ಲಿ ನಿಂತು ಫೋಟೊ ತೆಗೆದು ಹಿಂದಿರುಗುವವರಲ್ಲಿ ಮೇಲಿನ ಚರ್ಚಿನ ಮೆಟ್ಟಿಲು ಹತ್ತುವವರು ಎಷ್ಟು ಮಂದಿಯೋ. ಹೋಗುವವರಿಗೆ ನನ್ನ ಸಲಹೆ, ಮೊದಲ ಲಾಂಚ್ ಹಿಡಿದು ಬಂದು ನೇರ ಮೇಲಕ್ಕೆ ನಡೆಯಿರಿ, ಕೆಳಗಿನದನ್ನು ಆಮೇಲೆ ನೋಡಿದರಾಯಿತು.